ಕಲಾ ಸಂರಕ್ಷಣೆ ಓದಬೇಕೆ? ಅರ್ಜಿಗೂ ಮೊದಲು ಕೈ ಪಳಗಲಿ

ತಾಳೆಗರಿ ಸ್ವಚ್ಛ ಮಾಡುವುದನ್ನು ಹತ್ತಿರ ಕೂತು ನೋಡಬೇಕು. ಮೆತ್ತನೆ ಬ್ರಷ್‌ನಲ್ಲಿ ದೂಳು ತೆಗೆಯುತ್ತಾರೆ. ಹತ್ತಿಯನ್ನು ಮಜ್ಜಿಗೆಹುಲ್ಲಿನ ಎಣ್ಣೆಗೆ ಅದ್ದಿ ಸವರುತ್ತಾರೆ. ಒಣಗಿ ಸೆಟೆದಿದ್ದ ಗರಿ ಮೆದುವಾಗುತ್ತದೆ. ಕಾಡಿಗೆ ಹಚ್ಚಿ ಒರೆಸಿದರೆ, ಕೊರೆದ ಅಕ್ಷರ ಕಪ್ಪಗೆ ಎದ್ದು ಬರುತ್ತದೆ. ಅದೇ ಗರಿಯ ಮೇಲೆ ಬಣ್ಣದ ಚಿತ್ರವಿದ್ದರೆ? ಎಣ್ಣೆ ಮುಟ್ಟಿಸುವ ಹಾಗೇ ಇಲ್ಲ. ಎಲ್ಲಿ ಕೈ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದೇ ಕಲಾ ಸಂರಕ್ಷಣೆಯ ಓದು. ನಿಮ್ಮ ಅರ್ಜಿಯಲ್ಲೂ ಅದು ಕಾಣಬೇಕು.

ಮೊದಲು ದಾರಿ ಆರಿಸಿಕೊಳ್ಳಿ. ಕಟ್ಟಡ, ಗುಡಿ, ಕೋಟೆ ಇಷ್ಟವಾದರೆ ಮೊದಲು ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮಾಡಿ. ಆಮೇಲೆ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಕಟ್ಟಡ ಸಂರಕ್ಷಣೆಗೆಂದೇ ಎಂ.ಆರ್ಕ್ (ಸ್ನಾತಕೋತ್ತರ ಪದವಿ) ಇದೆ. ಚಿತ್ರ, ಕಾಗದ, ವಿಗ್ರಹ ಎಂದರೆ ನೋಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ನೋಡಿ. 1989ರಲ್ಲಿ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಆಗಿ ಶುರುವಾದ ಸಂಸ್ಥೆ ಅದು. ಅರ್ಹತೆ, ಪರೀಕ್ಷೆಯ ವಿವರವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ.

ಪಿಯುಸಿಯಲ್ಲಿರುವವರಿಗೆ ಒಂದು ಮಾತು: ಕೆಮಿಸ್ಟ್ರಿ ಬಿಡಬೇಡಿ. ಮೈಸೂರು ಚಿತ್ರದಲ್ಲಿ ಚಿನ್ನದ ರೇಕು ಕೂರುವುದು ಮಕ್ಕಿ ಸಫೇದ ಎಂಬ ಅಂಟು ಬೆರೆಸಿದ ಲೇಪದ ಉಬ್ಬಿನ ಮೇಲೆ. ಅದರಲ್ಲಿರುವ ಅಂಟು ನೀರಿಗೆ ಕರಗುತ್ತದೆ. ಕೊಳೆ ತೆಗೆಯೋಣ ಅಂತ ಸುಮ್ನೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಚಿನ್ನವೇ ಎದ್ದುಹೋಗಬಹುದು ಅಲ್ವಾ? ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಂಥ ಕಡೆ ಕೆಮಿಸ್ಟ್ರಿ ಓದಿರದೆ ಅರ್ಜಿ ನಿಲ್ಲುವುದು ಕಷ್ಟ.

ಆಮೇಲೆ ಅನುಭವ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ಉಳಿಸುವ ಸಂಸ್ಥೆ ನಡೆಸುವ ಸಂರಕ್ಷಣಾ ಕೇಂದ್ರವಿದೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆ ಮೈಸೂರಿನಲ್ಲಿದೆ. ರಜೆಯಲ್ಲಿ ಕಲಿಯಲು ಅವಕಾಶವಿದೆಯೇ ಎಂದು ಪತ್ರ ಬರೆದು ಕೇಳಿ. ಲೇಬಲ್ ಬರೆಯುವ ಕೆಲಸ ಸಿಕ್ಕರೂ ಒಪ್ಪಿಕೊಳ್ಳಿ.

ಇನ್ನು ಪೋರ್ಟ್‌ಫೋಲಿಯೊ, ಅಂದರೆ ಅರ್ಜಿಯ ಜೊತೆ ಕೊಡುವ ನಿಮ್ಮ ಕೆಲಸದ ಮಾದರಿಗಳು. ನನ್ನ ಪ್ರಕಾರ ಜಾಸ್ತಿ ಸಮಯ ಹೋಗಬೇಕಾದ್ದು ಇಲ್ಲೇ. ಮನೆಯ ಹಳೇ ಪಂಚಾಂಗವನ್ನೋ ಅಜ್ಜಿಯ ಮದುವೆ ಫೋಟೊವನ್ನೋ ತೆಗೆದುಕೊಳ್ಳಿ. ರಿಪೇರಿ ಮಾಡಬೇಡಿ, ಸೆಲ್ಲೋಟೇಪಂತೂ ಬೇಡವೇ ಬೇಡ. ಅಳತೆ ತೆಗೆಯಿರಿ. ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆಯಿರಿ. ನೇರ ಬೆಳಕಲ್ಲಿ ಕಾಣದ ಉಬ್ಬು, ಮಡಿಕೆ ಎಲ್ಲಾ ಕಾಣುತ್ತದೆ. ಹುಳ ತಿಂದ ತೂತು, ನೀರಿನ ಕಲೆ, ತುಕ್ಕು ಹಿಡಿದ ಪಿನ್ನು ಎಲ್ಲೆಲ್ಲಿವೆ ಎಂದು ಚಿತ್ರ ಬರೆದು ಗುರುತಿಸಿ. ಇದೇ ಸ್ಥಿತಿ ವರದಿ. ಜೊತೆಗೆ ನಿಮ್ಮ ಕೈಯಾರೆ ಬಿಡಿಸಿದ ಎರಡು ಮೂರು ಚಿತ್ರ ಇರಲಿ.

ಈ ಓದು ಯಾಕೆ ಬೇಕೆಂದು ಹೇಳುವ ಉದ್ದೇಶ ಪತ್ರದಲ್ಲಿ ‘ಚಿಕ್ಕಂದಿನಿಂದ ಕಲೆ ಅಂದರೆ ಪ್ರಾಣ’ ಎಂದು ಬರೆಯಬೇಡಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ದರಿಯಾ ದೌಲತ್‌ಗೆ ಹೋಗಿ, ಪೊಳ್ಳಿಲೂರು ಯುದ್ಧದ ಚಿತ್ರವಿರುವ ಗೋಡೆಯ ಮುಂದೆ ಒಂದು ಗಂಟೆ ನಿಲ್ಲಿ. ಎಲ್ಲಿ ಬಣ್ಣ ಮಾಸಿದೆ, ಎಲ್ಲಿ ಬೇರೆ ಕೈ ಓಡಿದಂತಿದೆ? ಕಂಡದ್ದನ್ನೇ ಬರೆಯಿರಿ.

ವಿದೇಶಕ್ಕಾದರೆ ಒಂದು ವರ್ಷ ಮೊದಲೇ ಶುರು ಮಾಡಿ. ಬ್ರಿಟನ್‌ಗೆ ಹೋಗುವವರು ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್‌ನ ಹಣದ ನೆರವಿಗೆ ಬೇರೆಯಾಗಿ ಅರ್ಜಿ ಹಾಕಬೇಕು. ಶಿಫಾರಸು ಪತ್ರವನ್ನು ನಿಮ್ಮ ಕೈಕೆಲಸ ನೋಡಿದವರಿಂದಲೇ ಬರೆಸಿ, ಕೊನೆ ದಿನಕ್ಕೆ ಎರಡು ತಿಂಗಳಿರುವಾಗಲೇ ಕೇಳಿ.