ಕುದುರೆ ಬಿಡೋ ಜಾಗದಲ್ಲಿ ಪಾರ್ಥೇನಿಯಂ: ಮೈ ಕೆಡಿಸ್ಕೊಳ್ಳದೆ ಕೀಳೋದು ಹೇಗೆ

ಹೆಸರಘಟ್ಟ, ದೊಡ್ಡಬಳ್ಳಾಪುರ, ಕನಕಪುರ ರೋಡು, ಆ ಕಡೆ ಕುಣಿಗಲ್ ತನಕ ಈಗ ಎರಡು ಮೂರು ಎಕರೆ ತಗೊಂಡು ಒಂದೋ ಎರಡೋ ಕುದುರೆ ಕಟ್ಟೋರು ಜಾಸ್ತಿ ಆಗಿದ್ದಾರೆ. ಒಳ್ಳೇದೇ. ಆದ್ರೆ ಹೆಚ್ಚಿನವರು ಮಾಡೋದು ಒಂದೇ ತರ. ಬೇಸಿಗೇಲಿ ಜೆಸಿಬಿ ಕರೆಸಿ ನೆಲ ಕೆರೆಸ್ತಾರೆ, ಬೇಲಿ ಹಾಕಿಸ್ತಾರೆ, ಮಳೆ ಬಿದ್ದು ಇಡೀ ಜಾಗದ ತುಂಬ ಪಾರ್ಥೇನಿಯಂ ಎದ್ದು ಹೂವು ಬಿಟ್ಟಾಗ ಬ್ರಷ್ ಕಟರ್ ಕೊಟ್ಟು ಸವರಿಸ್ತಾರೆ, ಒಂದೆರಡು ದಿನಕ್ಕೆ ಕೂಲಿಗೆ ಬಂದವರ ಕಣ್ಣುರೆಪ್ಪೆ ಊದಿ, ಕತ್ತು ಮೊಣಕೈ ಸಂದು ಎಲ್ಲ ಕೆರೆದು ಕೆರೆದು ನೀರು ಸೋರ್ತಿರುತ್ತೆ. ಮುಂದಿನ ತಿಂಗಳು ಗಿಡ ಮತ್ತೆ ಅಲ್ಲೇ ಇರುತ್ತೆ. ಇದನ್ನ ನೋಡಿ ನೋಡಿ ಸಾಕಾಗಿದೆ, ಅದಕ್ಕೇ ಬರೀತಿದ್ದೀನಿ.

ಮೊದಲು ಜಾಗ ಪೂರ್ತಿ ಕಾಲ್ನಡಿಗೇಲಿ ಸುತ್ತಿ. ಗಂಬೂಟು ಹಾಕಿ, ಕೈಯಲ್ಲಿ ಕೋಲಿರಲಿ, ಪೊದೆ ಬಡೀತಾ ಹೋಗಿ, ಕೊಳಕುಮಂಡಲ ಇರೋ ಸೀಮೆ ಇದು. ಹಳೇ ತಂತಿ, ಗಾಜು, ಮೊಳೆ ಕಂಡಿದ್ದನ್ನೆಲ್ಲ ಚೀಲಕ್ಕೆ ಹಾಕ್ತಾ ಹೋಗಿ. ಕುದುರೆಗೆ ಧನುರ್ವಾಯು ಬೇರೆ ಸಾಕುಪ್ರಾಣಿಗಳಿಗಿಂತ ಸುಲಭವಾಗಿ ಬರುತ್ತೆ, ಗೊರಸಿಗೆ ಒಂದು ಮೊಳೆ ಚುಚ್ಚಿದ್ರೂ ಸಾಕು, ಹಾಗಾಗಿ ಇಂಜೆಕ್ಷನ್ ಹಾಕಿಸಿರೋ ಕುದುರೇನೇ ತನ್ನಿ.

ಸುತ್ತೋವಾಗ ಏನೇನಿದೆ ಅಂತ ಗುರುತು ಮಾಡ್ಕೊಳ್ಳಿ. ಕಣಗಿಲೆ ಇದ್ರೆ ಬೇರು ಸಮೇತ ತೆಗೀಲೇಬೇಕು, ನಾಲ್ಕು ಎಲೆ ಆಸೆಗೆ ಬಿದ್ದು ತಿಂದ್ರೂ ಕುದುರೆ ಹೃದಯಕ್ಕೆ ಅಪಾಯ, ಕುದುರೆಗೆ ವಾಂತಿ ಮಾಡೋಕೆ ಬರಲ್ಲ ಅನ್ನೋದು ನೆನಪಿರಲಿ. ಹರಳು, ಉಮ್ಮತ್ತಿ ಕೂಡ ಹೋಗ್ಬೇಕು. ಬಳ್ಳಾರಿ ಜಾಲಿ ಇದ್ರೆ ಮುಳ್ಳಿನ ಒಂದು ಕಡ್ಡೀನೂ ನೆಲದಲ್ಲಿ ಉಳೀಬಾರ್ದು. ಲಂಟಾನ ಮೇಲೆ ಮೇಲೆ ಕಡಿದ್ರೆ ದಪ್ಪ ಆಗಿ ಚಿಗುರುತ್ತೆ, ಬುಡದ ಸುತ್ತ ಕೆದಕಿ ಮಣ್ಣಿನ ಕೆಳಗೆ ಒಂದೆರಡು ಇಂಚಲ್ಲಿ ತಾಯಿಬೇರನ್ನ ಕತ್ತರಿಸಿ ಪೊದೆನ ಬೇರು ಮೇಲೆ ಮಾಡಿ ಮಗುಚಿ ಹಾಕಿ, ಅಷ್ಟೇ ಕೆಲಸ. ಅದೂ ತಿಂದ್ರೆ ಲಿವರ್ ಕೆಡಿಸುತ್ತೆ, ಆಮೇಲೆ ಬಿಸಿಲಿಗೆ ಚರ್ಮ ಸುಟ್ಟ ಹಾಗೆ ಆಗುತ್ತೆ.

ಬೇಲಿ ಮೇಲೆ ಕಣ್ಣು ಹಾಯಿಸಿ. ನಸುಗುನ್ನಿ ಬಳ್ಳಿ ಹಬ್ಬಿರೋದು ಸಾಮಾನ್ಯವಾಗಿ ಅಲ್ಲೇ. ಇದನ್ನ ನೇರಳೆ ಹೂವು ಇರೋವಾಗ್ಲೇ, ಕಾಯಿ ಕಟ್ಟೋಕೆ ಮುಂಚೆ, ಬುಡದಲ್ಲಿ ಕಡಿದುಬಿಡಿ. ಕಾಯಿ ಒಣಗಿದ ಮೇಲೆ ಮುಟ್ಟಿದ್ರೆ ಅದರ ರೋಮ ಗಾಳೀಲಿ ಹಾರಿ ಮೈಗೆಲ್ಲ ಕೂರುತ್ತೆ, ಕುದುರೆ ಮೂತಿಗೂ ಕಣ್ಣಿಗೂ ಕೂರುತ್ತೆ. ಕಾಯಿ ಆಗ್ಲೇ ಒಣಗಿದ್ರೆ ಬೆಳಗ್ಗೆ ಇಬ್ಬನಿ ಇರೋವಾಗ, ಅಥವಾ ಸ್ಪ್ರೇಯರ್ ಅಲ್ಲಿ ನೀರು ಹೊಡೆದು ನೆನೆಸಿ, ಗಾಳಿ ಬರೋ ಕಡೆಗೆ ಬೆನ್ನು ಮಾಡಿ ನಿಂತು ಕಡೀರಿ. ಮೈಗೆ ತಾಕಿದ್ರೆ ಉಜ್ಜಬೇಡಿ, ಉಜ್ಜಿದಷ್ಟೂ ರೋಮ ಒಳಗಿಳಿಯುತ್ತೆ. ಪ್ಯಾಕಿಂಗ್ ಟೇಪು ಅಂಟಿಸಿ ಅಂಟಿಸಿ ಕಿತ್ತು ಆಮೇಲೆ ತೊಳೀರಿ. ತುರಚೆ ಬಳ್ಳಿನೂ ಬೇಲೀಲೇ ಇರುತ್ತೆ, ಉರಿ ಜೋರು, ಆದ್ರೆ ಗ್ಲೌಸು ಹಾಕ್ಕೊಂಡು ಎಳೆದ್ರೆ ಬರುತ್ತೆ.

ಈಗ ಪಾರ್ಥೇನಿಯಂ. ನಮ್ಮಲ್ಲಿ ಕಾಂಗ್ರೆಸ್ ಗಿಡ ಅಂತ ಕರೀತೀವಲ್ಲ, ಅದೇ. ಮೂಲ ಅಮೆರಿಕ ಖಂಡದ್ದು, 1950ರ ದಶಕದಲ್ಲಿ ಪುಣೆ ಹತ್ರ ಕಾಣಿಸ್ಕೊಂಡು ದೇಶ ಪೂರ್ತಿ ಹಬ್ಬಿತು. ಒಂದು ಗಿಡ 15,000ದಿಂದ 25,000 ಬೀಜ ಉದುರಿಸುತ್ತೆ, ಮೊಳಕೆ ಬಂದು ನಾಲ್ಕು ವಾರದ ಮೇಲೆ ಹೂವು ಶುರು. ನಿಮಗಿರೋ ಟೈಮು ಆ ನಾಲ್ಕು ವಾರ, ಇದನ್ನ ಕ್ಯಾಲೆಂಡರಲ್ಲಿ ಬರೆದಿಡಿ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಮೂರನೇ ವಾರದಲ್ಲಿ ಗಿಡ ಇನ್ನೂ ನೆಲಕ್ಕೆ ಅಂಟಿಕೊಂಡ ಎಲೆಗಳ ಚಕ್ರದ ತರ ಇರುತ್ತೆ, ದಂಟು ಎದ್ದಿರಲ್ಲ, ಮಣ್ಣು ಹಸಿ ಇರುತ್ತೆ, ಆಗ ಹಿಡಿದು ಎಳೆದ್ರೆ ಬೇರು ಪೂರ್ತಿ ಬರುತ್ತೆ. ಒಣ ಮಣ್ಣಲ್ಲಿ ಎಳೆದ್ರೆ ಮೇಲ್ಗಡೆ ಕಿತ್ತು ಬಂದು ಬುಡ ಉಳಿಯುತ್ತೆ, ಆ ಬುಡದಿಂದ ಮತ್ತೆ ಚಿಗುರು. ಹಾಗಾಗಿ ಮಳೆ ಆದ ಮಾರನೇ ಬೆಳಗ್ಗೆ ಜನ ಕರೀರಿ, ನಿಮ್ಮ ವೀಕೆಂಡು ನೋಡ್ಕೊಂಡಲ್ಲ.

ಬ್ರಷ್ ಕಟರ್ ಯಾಕೆ ಬೇಡ ಅಂತ ಹೇಳ್ತೀನಿ. ಈ ಗಿಡದ ಎಲೆ ಮೇಲೆ, ದಂಟಿನ ಮೇಲೆ, ಹೂವಲ್ಲಿ ಸಣ್ಣ ಸಣ್ಣ ರೋಮ ಇದೆ, ಅದರಲ್ಲಿ ಪಾರ್ಥೇನಿನ್ ಅನ್ನೋ ರಾಸಾಯನಿಕ ಇರುತ್ತೆ. ಮೈ ತುರಿಸೋಕೆ ಮುಖ್ಯ ಕಾರಣ ಅದು. ಕಟರ್ ಬ್ಲೇಡು ಗಿಡನ ಚೂರು ಚೂರು ಮಾಡಿ ಅದೆಲ್ಲಾನೂ ಮಿಷನ್ ಹಿಡಿದವರ ಮುಖಕ್ಕೇ ಎರಚುತ್ತೆ. ಬುಡ ಬೇರೆ ಉಳಿಯುತ್ತೆ. ಹೂವು ಬಿಟ್ಟಿದ್ರೆ ಬೀಜ ಇಡೀ ಜಾಗಕ್ಕೆ ಹರಡುತ್ತೆ. ಒಣಗಿಸಿ ಬೆಂಕಿ ಹಾಕೋದೂ ಅಷ್ಟೇ ಕೆಟ್ಟದು, ಒಣ ಗಿಡದಲ್ಲೂ ಆ ವಿಷ ಇರುತ್ತೆ, ಹೊಗೆ ಬೂದಿ ಜೊತೆ ಪುಡಿ ಹಾರಿ ಪಕ್ಕದ ಮನೆಯವರಿಗೂ ತಾಕುತ್ತೆ. ನೆಲ ಕೆರೆಯೋ ಜೆಸಿಬಿ ಬಗ್ಗೆ ಕೇಳಲೇಬೇಡಿ: ಮೇಲ್ಮಣ್ಣು ಹೋಗುತ್ತೆ, ಒಳಗೆ ಹೂತಿದ್ದ ಬೀಜ ಬೆಳಕಿಗೆ ಬರುತ್ತೆ, ಖಾಲಿ ನೆಲ ಅಂದ್ರೆ ಪಾರ್ಥೇನಿಯಂಗೆ ಅದೇ ಬೇಕಾಗಿರೋದು.

"ನಂಗೇನೂ ಆಗಲ್ಲ, ಚಿಕ್ಕಂದಿನಿಂದ ಕೀಳ್ತಿದ್ದೀನಿ" ಅನ್ನೋರು ಪ್ರತಿ ಊರಲ್ಲೂ ಸಿಗ್ತಾರೆ. ಅವರ ಮಾತು ನಂಬಿ ಬರಿಗೈಯಲ್ಲಿ ಬಿಡಬೇಡಿ. ಇದು ಅಲರ್ಜಿ. ಮೊದಲ ಸಲ ಮುಟ್ಟಿದಾಗ ಏನೂ ಆಗದೇ ಇರಬಹುದು, ಮೈ ಅದನ್ನ ಗುರುತು ಹಿಡಿಯೋಕೆ ತಿಂಗಳುಗಳೋ ವರ್ಷಗಳೋ ಬೇಕು, ಒಂದು ಸಲ ಹಿಡಿದುಬಿಟ್ರೆ ಸಾಮಾನ್ಯವಾಗಿ ಜೀವನ ಪೂರ್ತಿ ಬಿಡಲ್ಲ. ತುರಿಕೆ ಶುರು ಆಗೋದು ಒಂದೆರಡು ದಿನ ಬಿಟ್ಟು, ಅದಕ್ಕೇ ಎಷ್ಟೋ ಜನಕ್ಕೆ ಕಾರಣನೇ ಗೊತ್ತಾಗಲ್ಲ, ತಿಂದ ಬದನೆಕಾಯಿ ಮೇಲೆ ಹಾಕ್ತಾರೆ. ಒಮ್ಮೆ ಅಲರ್ಜಿ ಆದವರಿಗೆ ಸೇವಂತಿಗೆ ಹೂವು ಮುಟ್ಟಿದ್ರೂ ಕೆರೆತ ಬರಬಹುದು, ಎರಡೂ ಒಂದೇ ಕುಟುಂಬದ ಗಿಡ. ಹೂ ಕಟ್ಟಿ ಬದುಕೋ ಹೆಣ್ಣುಮಗಳು ನಿಮ್ಮ ಜಾಗಕ್ಕೆ ಕೂಲಿಗೆ ಬಂದ್ರೆ ಇದರ ಅರ್ಥ ಏನು ಅಂತ ಯೋಚನೆ ಮಾಡಿ.

ಹಾಗಾಗಿ ಹಾಕ್ಕೊಳ್ಳೋ ಬಟ್ಟೆ, ಗ್ಲೌಸು ಎರಡನ್ನೂ ನೀವೇ ಕೊಡಿ. ಬಟ್ಟೆಯ ಗ್ಲೌಸು ರಸ ಹೀರಿಕೊಂಡು ದಿನವಿಡೀ ಕೈಗೇ ಒತ್ತುತ್ತೆ, ಡಬ್ಬದಲ್ಲಿ ನೂರು ಬರುತ್ತಲ್ಲ ಆ ತೆಳು ಗ್ಲೌಸು ನಾಲ್ಕು ಗಿಡಕ್ಕೆ ಹರಿಯುತ್ತೆ, ಎರಡೂ ದಂಡ. ಮೊಣಕೈವರೆಗೆ ಬರೋ ದಪ್ಪ ರಬ್ಬರ್ ಅಥವಾ ನೈಟ್ರೈಲ್ ಗ್ಲೌಸೇ ಆಗ್ಬೇಕು, ಅದರ ಮೇಲೆ ತುಂಬುತೋಳಿನ ಅಂಗಿ, ಕತ್ತಿಗೆ ಟವಲ್ಲು, ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ. ಕೊಬ್ಬರಿ ಎಣ್ಣೆ ಹಚ್ಕೊಂಡ್ರೆ ಸಾಕು ಅನ್ನೋದನ್ನ ನಾನು ಒಪ್ಪಲ್ಲ. ಗ್ಲೌಸು ಹಾಕಿದ ಕೈಯಲ್ಲಿ ಬೆವರು ಒರೆಸ್ಕೊಳ್ಳೋದು, ಕಣ್ಣು ಉಜ್ಜೋದು ಇದೆಯಲ್ಲ, ಮುಕ್ಕಾಲು ತೊಂದರೆ ಅಲ್ಲೇ ಆಗೋದು, ಆದ್ದರಿಂದ ಗಂಟೆಗೊಂದು ಸಲ ಎಲ್ಲರನ್ನೂ ನೆರಳಿಗೆ ಕರೆದು ನೀರು ಕೊಟ್ಟು ಮುಖ ತೊಳೆಸಿ. ಈಗಾಗ್ಲೇ ಒಮ್ಮೆ ಮೈ ಕೆಟ್ಟಿದೆ ಅಂದವರನ್ನ ಗ್ಲೌಸು ಕೊಟ್ರೂ ಈ ಕೆಲಸಕ್ಕೆ ಹಾಕಬೇಡಿ, ಬೇಲಿ ಕಂಬ ನೆಡೋಕೆ ಕಳಿಸಿ, ಕೂಲಿ ಕಡಿಮೆ ಮಾಡಬೇಡಿ. ಸಂಜೆ ತಣ್ಣೀರು ಸೋಪಲ್ಲಿ ಸ್ನಾನ, ಬಟ್ಟೆ ಬೇರೆ ಬಕೆಟ್ಟಲ್ಲಿ. ಕೆರೆತ ಬಂದ್ರೆ ಬಿಸಿಲಿಗೆ ಹೋಗಬಾರ್ದು, ಬಿಸಿಲು ಅದನ್ನ ಜಾಸ್ತಿ ಮಾಡುತ್ತೆ. ಮೆಡಿಕಲ್ ಶಾಪಲ್ಲಿ ಸ್ಟೆರಾಯ್ಡು, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರೂ ಬೆರೆಸಿದ ಟ್ಯೂಬು ಕೊಡ್ತಾರೆ, ತಗೋಬೇಡಿ, ಚರ್ಮದ ಡಾಕ್ಟರ ಹತ್ರಾನೇ ಹೋಗಿ.

ಕಿತ್ತಿದ್ದನ್ನ ಏನು ಮಾಡೋದು? ಹೂವು ಬಂದಿಲ್ಲ ಅಂದ್ರೆ ಗೊಬ್ಬರದ ಗುಂಡಿಗೆ ಹಾಕಿ, ಚೆನ್ನಾಗಿ ಕೊಳೆಯುತ್ತೆ. ಹೂವು ಬಂದಿದ್ರೆ ಗುಂಡಿಗೂ ಬೇಡ, ಲದ್ದಿ ತಿಪ್ಪೆಗೂ ಬೇಡ, ಆ ಗೊಬ್ಬರ ಹೊಲಕ್ಕೆ ಹೋದ್ರೆ ಬೀಜಾನೂ ಹೋಗುತ್ತೆ. ಮೂರಡಿ ಆಳ ತೋಡಿ ಮಣ್ಣು ಮುಚ್ಚಿ.

ಶಾರ್ಟ್‌ಕಟ್ ಬಗ್ಗೆ ಒಂದಿಷ್ಟು. ಉಪ್ಪು ನೀರು ಗಾಢವಾಗಿ ಕಲಸಿ ಹೊಡೆದ್ರೆ ಗಿಡ ಸಾಯೋದು ನಿಜ, ರೋಡ್ ಪಕ್ಕಕ್ಕೆ ಸರಿ, ಹುಲ್ಲು ಬೆಳೀಬೇಕಾದ ಮಣ್ಣಿಗೆ ಬೇಡ. ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹುಲ್ಲನ್ನೂ ಕೊಲ್ಲುತ್ತೆ, ಅದನ್ನ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಮೂಲಕ ಮಾತ್ರ ಹೊಡೆಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲೇ ಅಧಿಸೂಚನೆ ಹೊರಡಿಸಿದೆ. ತಗಚೆ ಜಾತಿ ಗಿಡ ಹಾಕಿದ್ರೆ ಪಾರ್ಥೇನಿಯಂ ಅಡಗುತ್ತೆ ಅನ್ನೋ ಸಲಹೆ ಹಳೇದು, ಬೇರೆ ಕಡೆಗೆ ಒಳ್ಳೇದೇ, ಆದ್ರೆ ಆ ಜಾತಿಯ ಕೆಲವು ಗಿಡ ಕುದುರೆಗೆ ವಿಷ, ಹಾಗಾಗಿ ಬೇಲಿ ಒಳಗೆ ಬೇಡ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ಜೀರುಂಡೆ ಇದೆ, ಕೆನೆ ಬಣ್ಣದ ಬೆನ್ನ ಮೇಲೆ ಕಂದು ಗೀರು, ಮಳೆಗಾಲದಲ್ಲಿ ಎಲೆ ತಿನ್ನುತ್ತೆ, ಚಳಿಗಾಲಕ್ಕೆ ಮಣ್ಣೊಳಗೆ ಮಲಗುತ್ತೆ. ಕಂಡ್ರೆ ಕೊಲ್ಲಬೇಡಿ, ಆದ್ರೆ ಅದನ್ನೇ ನಂಬಿ ಕೂರೋಕಾಗಲ್ಲ.

ಕಿತ್ತ ವಾರದಲ್ಲೇ ಹುಲ್ಲು ಹಾಕಿ, ಕಾಯಬೇಡಿ. ನನ್ನ ಪ್ರಕಾರ ಗರಿಕೆಗಿಂತ ಒಳ್ಳೇದು ಬೇರೆ ಇಲ್ಲ, ತುಂಡು ಮಾಡಿ ಒದ್ದೆ ಮಣ್ಣಿಗೆ ಊರಿದ್ರೆ ಹಬ್ಬುತ್ತೆ, ಗೊರಸಿನ ತುಳಿತ ತಡಕೊಳ್ಳುತ್ತೆ. ರೋಡ್ಸ್ ಅನ್ನೋ ಮೇವಿನ ಹುಲ್ಲಿನ ಬೀಜ ಹಾಕೋದಾದ್ರೆ ಮೇಲೆ ಚೆಲ್ಲಿ ತೆಳುವಾಗಿ ಮಣ್ಣು ಎಳೀರಿ ಅಷ್ಟೇ. ನೇಪಿಯರ್ ಹುಲ್ಲು ಹಸುವಿಗೆ ಸರಿ, ಕುದುರೆಗೆ ಅದೊಂದನ್ನೇ ಹಾಕಿದ್ರೆ ಅದರಲ್ಲಿರೋ ಆಕ್ಸಲೇಟ್ ಅನ್ನೋ ಅಂಶದಿಂದ ಕ್ಯಾಲ್ಸಿಯಂ ಕಮ್ಮಿ ಆಗಿ ಮೂಳೆ ಕೆಡುತ್ತೆ.

ಎರಡನೇ ಸುತ್ತು ಕೀಳೋದು ಆಗಸ್ಟಲ್ಲಿ, ಮೂರನೇದು ಹಿಂಗಾರು ಮಳೆ ಆದ ಮೇಲೆ. ಎರಡನೇ ವರ್ಷವೂ ಹೀಗೇ, ಆದ್ರೆ ಕೆಲಸ ತುಂಬ ಕಡಿಮೆ ಇರುತ್ತೆ.

ಬೇಲಿಗೆ ಮುಳ್ಳುತಂತಿ ಬೇಡ, ನೀಲಗಿರಿ ಕಂಬಕ್ಕೆ ಅಡ್ಡಪಟ್ಟಿ ಹೊಡೀರಿ.

ಹುಲ್ಲು ಒಂದು ಗೇಣು ಬಂದಾಗ ಮುಷ್ಟಿಯಲ್ಲಿ ಹಿಡಿದು ಜಗ್ಗಿ ನೋಡಿ, ಬೇರು ಕಿತ್ತು ಬಂದ್ರೆ ಇನ್ನೂ ಕಾಯಿರಿ, ಎಲೆ ಮಾತ್ರ ಹರಿದು ಬಂದ್ರೆ ಕುದುರೆ ಬಿಡಬಹುದು. ಒಂದು ಕುದುರೆಗೆ ಕನಿಷ್ಠ ಒಂದು ಎಕರೆ ಇರಲಿ, ಅದನ್ನ ಮೂರು ನಾಲ್ಕು ತುಂಡು ಮಾಡಿ. ಕುದುರೆಗೆ ಮೇಲೂ ಕೆಳಗೂ ಬಾಚಿಹಲ್ಲು ಇರೋದ್ರಿಂದ ಹಸುವಿಗಿಂತ ಬುಡಕ್ಕೆ ಹತ್ತಿ ಮೇಯುತ್ತೆ, ಒಂದೇ ಕಡೆ ಬಿಟ್ರೆ ನೆಲ ಬೋಳಾಗಿ ಅಲ್ಲೇ ಪಾರ್ಥೇನಿಯಂ ಏಳುತ್ತೆ. ಹುಲ್ಲು ನಾಲ್ಕು ಬೆರಳಿಗೆ ಇಳಿದ ತಕ್ಷಣ ಮುಂದಿನ ತುಂಡಿಗೆ ಹೊಡೀರಿ. ಹೊರಗಿಂದ ಒಣಹುಲ್ಲು ತಂದಾಗ ಪ್ರತಿ ಕಟ್ಟನ್ನೂ ಲಾರಿ ಇಳಿಸೋ ಮುಂಚೆ ಬಿಚ್ಚಿಸಿ ನೋಡಿ, ರೋಡ್ ಪಕ್ಕ ಕೊಯ್ದ ಹುಲ್ಲಾದ್ರೆ ಅದರಲ್ಲಿ ಪಾರ್ಥೇನಿಯಂನ ಒಣಗಿದ ಬಿಳಿ ಹೂವು ಇದ್ದೇ ಇರುತ್ತೆ, ಒಂದು ಕಟ್ಟಲ್ಲಿ ಕಂಡ್ರೂ ಲೋಡು ಪೂರ್ತಿ ವಾಪಸ್ ಕಳಿಸಿ.