ಸಂಶೋಧಕರ ಪೇಪರ್ ಪಟ್ಟಿ ಓದುವುದು ಹೇಗೆ? ಡೆನಿ ಲೆ ಬಿಹಾನ್ ಪಟ್ಟಿ ಹಿಡಿದು ಒಂದು ಪಾಠ

ನಾನು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿದ್ದೇನೆ. ನ್ಯೂರಾಲಜಿ, ರೇಡಿಯಾಲಜಿ ಪಿಜಿಗಳು ಬಂದು, 'ಮೇಡಂ, ಇವರದ್ದು ಎಷ್ಟು ಪೇಪರ್ ಇದೆ?' ಎಂದು ಕೇಳುತ್ತಾರೆ. ಎಣಿಸುವುದಕ್ಕಿಂತ ಮೊದಲು ಓದಲು ಕಲಿಯಿರಿ ಎನ್ನುತ್ತೇನೆ. ಅಭ್ಯಾಸಕ್ಕೆ ಕೊಡುವುದು ಫ್ರಾನ್ಸಿನ ಡೆನಿ ಲೆ ಬಿಹಾನ್ ಅವರ ಪಟ್ಟಿ. ಡಿಫ್ಯೂಷನ್ ಎಮ್‌ಆರ್‌ಐ (ಅಂಗಾಂಶದಲ್ಲಿ ನೀರಿನ ಅಣುಗಳ ಓಡಾಟ ಅಳೆಯುವ ಸ್ಕ್ಯಾನ್) ಬೆಳೆಸಿದವರಲ್ಲಿ ಮುಖ್ಯರು ಅವರು. ಸ್ಟ್ರೋಕ್ ಆದವರಿಗೆ ತುರ್ತಾಗಿ ಮಾಡುವ ಡಿಫ್ಯೂಷನ್ ಸ್ಕ್ಯಾನ್ ಗೊತ್ತಲ್ವಾ, ಅದೇ.

ಮೊದಲು ಹೆಸರು ಸರಿ ಮಾಡಿಕೊಳ್ಳಿ. ವೈದ್ಯಕೀಯ ಪೇಪರುಗಳನ್ನು ಹುಡುಕುವ ಪಬ್‌ಮೆಡ್ ತಾಣದಲ್ಲಿ 'ಲೆ' ಮತ್ತು 'ಬಿಹಾನ್' ಬಿಡಿಸಿ ಒಮ್ಮೆ ಹುಡುಕಿ, ಸೇರಿಸಿ ಇನ್ನೊಮ್ಮೆ ಹುಡುಕಿ. 1994ರ ಪ್ರಸಿದ್ಧ ಟೆನ್ಸರ್ ಪೇಪರಿನಲ್ಲಿ (ನೀರು ಯಾವ ದಿಕ್ಕಿಗೆ ಎಷ್ಟು ಹರಡುತ್ತದೆ ಎಂದು ಅಳೆಯುವ ವಿಧಾನದ್ದು) ಎರಡೂ ಅಂಟಿಕೊಂಡೇ ಅಚ್ಚಾಗಿವೆ. ನಮ್ಮವರ ಹೆಸರಿನ ಪಾಡು ಇನ್ನೂ ಜಾಸ್ತಿ. ಊರಿಗೊಂದು ಇನಿಷಿಯಲ್, ಅಪ್ಪನಿಗೊಂದು ಇನಿಷಿಯಲ್. ಒಂದು ಜರ್ನಲ್ ಅಪ್ಪನ ಹೆಸರನ್ನು ಸರ್‌ನೇಮ್ ಮಾಡುತ್ತದೆ, ಇನ್ನೊಂದು ಎಲ್ಲವನ್ನೂ ತಿರುಗಿಸಿ ಹಾಕುತ್ತದೆ. 'ಕುಮಾರ್ ಎಸ್' ಎಂದು ಹುಡುಕಿದಿರೋ, ಅರ್ಧ ದೇಶ ಬಂದು ನಿಲ್ಲುತ್ತದೆ. ಆರ್ಕಿಡ್ (ORCID) ಐಡಿ, ಅಂದರೆ ಒಬ್ಬೊಬ್ಬ ಸಂಶೋಧಕರಿಗೆ ಒಂದೊಂದು ಗುರುತಿನ ಸಂಖ್ಯೆ, ಇದ್ದರೆ ಕೆಲಸ ಹಗುರ. ಆದರೆ ಅದು ಶುರುವಾದದ್ದು 2012ರಲ್ಲಿ. ಹಳೆಯ ಪೇಪರುಗಳನ್ನು ಅವರೇ ಕೂತು ಸೇರಿಸಿರಬೇಕು. ಇಲ್ಲದಿದ್ದರೆ ಸಂಸ್ಥೆ, ವಿಷಯ, ಜೊತೆಗಾರರ ಹೆಸರು ಹಿಡಿದು ಜಾಲಾಡುವುದೇ ಗತಿ.

ಆಮೇಲೆ ಪಟ್ಟಿಯನ್ನು ಹಳೆಯದರಿಂದ ಓದಿ. 1985ರಲ್ಲಿ ಲೆ ಬಿಹಾನ್ ಒಬ್ಬ ಜೊತೆಗಾರರೊಂದಿಗೆ ಫ್ರೆಂಚ್‌ನಲ್ಲಿ ಒಂದು ಪೇಪರ್ ಬರೆದರು. 1986ರಲ್ಲಿ 'ರೇಡಿಯಾಲಜಿ' ಜರ್ನಲ್‌ನಲ್ಲಿ ಇಂಗ್ಲಿಷ್‌ನದು ಬಂತು. ಎಲ್ಲರೂ ಸೈಟ್ ಮಾಡುವುದು, ಅಂದರೆ ತಮ್ಮ ಪೇಪರಿನಲ್ಲಿ ಉಲ್ಲೇಖಿಸುವುದು, ಎರಡನೆಯದನ್ನೇ. ಇಂಗ್ಲಿಷ್ ಮಾತ್ರ ನೋಡುವವರಿಗೆ ಮೊದಲನೆಯದು ಕಣ್ಣಿಗೇ ಬೀಳುವುದಿಲ್ಲ.

ಹೆಸರು ಎಲ್ಲಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. 1986ರಲ್ಲಿ ಆರು ಜನರಲ್ಲಿ ಅವರು ಮೊದಲು. 1994ರಲ್ಲಿ ಮೊದಲು ಪೀಟರ್ ಬ್ಯಾಸರ್, ಕೊನೆಗೆ ಇವರು. ವೈದ್ಯಕೀಯದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ದುಡಿದವರದು, ಕೊನೆಯದು ಹಿರಿಯರದು. ಪಬ್‌ಮೆಡ್‌ನ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಇವೆರಡನ್ನೂ ಬೇರೆ ಬೇರೆ ಹುಡುಕಬಹುದು. ಬರೀ ಮಧ್ಯದ ಹೆಸರುಗಳೇ ಇದ್ದರೆ ನನಗೆ ಅನುಮಾನ. ಇಮೇಜಿಂಗ್‌ನಲ್ಲಿ ಮಾತ್ರ ಅವಸರ ಪಡಬೇಡಿ. ಸ್ಕ್ಯಾನಿನ ಸೀಕ್ವೆನ್ಸ್ (ಯಂತ್ರ ಚಿತ್ರ ತೆಗೆಯುವ ಕ್ರಮ) ಬರೆದ ಫಿಸಿಸಿಸ್ಟ್ ಎಷ್ಟೋ ಸಲ ಆ ಮಧ್ಯದಲ್ಲೇ ಇರುತ್ತಾರೆ. ಅವರಿಲ್ಲದೆ ಪೇಪರೇ ಇಲ್ಲ.

ಇನ್ನು ಸೈಟೇಶನ್. ಮೊದಲು ರಿವ್ಯೂ, ಕೇಸ್ ರಿಪೋರ್ಟ್, ಮೂಲ ಸಂಶೋಧನೆ ಬೇರೆ ಮಾಡಿ. ಲೆ ಬಿಹಾನ್ ಅವರ 2001ರ ಟೆನ್ಸರ್ ರಿವ್ಯೂವನ್ನು ಲೆಕ್ಕವಿಲ್ಲದಷ್ಟು ಜನ ಸೈಟ್ ಮಾಡಿದ್ದಾರೆ. ಅದು ಒಳ್ಳೆಯ ಪಾಠ ಸರಿ, ಹೊಸ ಪ್ರಯೋಗ ಅಲ್ಲ. ಎಚ್-ಇಂಡೆಕ್ಸ್‌ಗೆ ಈ ವ್ಯತ್ಯಾಸ ಗೊತ್ತಿಲ್ಲ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಅಳತೆ ಅದು: ತಲಾ 20 ಸೈಟೇಶನ್ ಆದರೂ ಇರುವ 20 ಪೇಪರಿದ್ದರೆ 20. ಹೆಸರು ಮೊದಲೋ ಮಧ್ಯವೋ ಎಂದು ಅದು ಕೇಳುವುದಿಲ್ಲ. ಒಮ್ಮೆ ಏರಿದ್ದು ಇಳಿಯುವುದೂ ಇಲ್ಲ.

ಜಗಳಗಳನ್ನು ಬಿಡಬೇಡಿ. ನನಗೆ ಬಲು ಇಷ್ಟದ ಭಾಗ ಇದು. 2006ರಲ್ಲಿ ಪಿಎನ್‌ಎಎಸ್ ಜರ್ನಲ್‌ನಲ್ಲಿ ಲೆ ಬಿಹಾನ್ ಮತ್ತು ಜಪಾನಿನ ಜೊತೆಗಾರರು ದೊಡ್ಡ ಮಾತು ಹೇಳಿದರು: ಡಿಫ್ಯೂಷನ್ ಎಮ್‌ಆರ್‌ಐನಿಂದ ನರಕೋಶಗಳ ಚಟುವಟಿಕೆಯನ್ನು, ಮಾಮೂಲಿ ವಿಧಾನದಂತೆ ರಕ್ತದ ಹರಿವು ಬದಲಾಗುವುದಕ್ಕೆ ಕಾಯದೆ, ನೇರವಾಗಿ ಹಿಡಿಯಬಹುದು. ಮರುವರ್ಷವೇ, ಅದೇ ಜರ್ನಲ್‌ನಲ್ಲಿ, ಆಕ್ಸ್‌ಫರ್ಡ್‌ನ ತಂಡ ಆ ಸಿಗ್ನಲ್‌ನಲ್ಲಿ ರಕ್ತನಾಳಗಳ ಪಾಲೂ ಇದೆ ಎಂದು ತೋರಿಸಿತು. ಆ ತಕರಾರಿನ ಪೇಪರೂ 2006ರದಕ್ಕೆ ಒಂದು ಸೈಟೇಶನ್ ಸೇರಿಸಿತು! ಎಣಿಕೆಗೆ ಹೊಗಳಿಕೆಯೂ ಒಂದೇ, ತಕರಾರೂ ಒಂದೇ. ಆದ್ದರಿಂದ 'ಸೈಟೆಡ್ ಬೈ' ಒತ್ತಿ, ಒಂದಷ್ಟನ್ನಾದರೂ ತೆರೆದು, ಯಾಕೆ ಸೈಟ್ ಮಾಡಿದ್ದಾರೆ ನೋಡಿ.

ಅವರ ಪಟ್ಟಿಯಲ್ಲಿಲ್ಲದ ಪೇಪರೂ ಬೇಕು. ಸ್ಟ್ರೋಕ್ ಆದ ಮೆದುಳಿನಲ್ಲಿ ಡಿಫ್ಯೂಷನ್ ಸ್ಕ್ಯಾನ್ ಬೇಗ ಬದಲಾವಣೆ ತೋರಿಸುತ್ತದೆ ಎಂದು 1990ರಲ್ಲಿ ಬೆಕ್ಕುಗಳ ಮೇಲೆ ತೋರಿಸಿದ್ದು ಮೋಸ್ಲಿ ತಂಡ. ಒಂದು ವಿಧಾನ ಬೇರೆಯವರ ಕೈಯಲ್ಲಿ ಬೆಳೆದದ್ದು ಅದನ್ನು ಹುಟ್ಟಿಸಿದವರ ಪಟ್ಟಿಯಲ್ಲಿ ಕಾಣುವುದಿಲ್ಲ.

ಪೇಪರ್ ಹಿಂದಕ್ಕೆ ಪಡೆದಿದ್ದರೆ ಪಬ್‌ಮೆಡ್ ಪುಟದಲ್ಲೇ ಸೂಚನೆ ಇರುತ್ತದೆ, ಕಣ್ಣಾಡಿಸಿ ಸಾಕು. ಶೀಟ್ ಮಾಡುವುದಾದರೆ ನಾಲ್ಕು ಕಾಲಂ ಇರಲಿ: ವರ್ಷ, ಹೆಸರಿನ ಜಾಗ, ಯಾವ ಬಗೆ, ಯಾರು ಒಪ್ಪಲಿಲ್ಲ. ಕೊನೆಯದನ್ನು ಮಾತ್ರ ನೀವೇ ಓದಿ ತುಂಬಬೇಕು.