ತೋಟದ ಸಾರ ಹಳ್ಳ ಸೇರದಂತೆ ಬಸಿಗಾಲುವೆ ಬದಲಿಸಿದ್ದು

ಶಿರಸಿ ಕಡೆಯ ನಮ್ಮ ಅಡಿಕೆ ತೋಟ ಇರುವುದು ಕಣಿವೆಯಲ್ಲಿ. ಮಳೆಗಾಲದಲ್ಲಿ ಮೇಲಿನ ಬೆಟ್ಟದ ನೀರೆಲ್ಲ ತೋಟದ ಮೇಲೆಯೇ ಇಳಿಯುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೇ ಹಿರಿಯರು ದೊಡ್ಡ ಬಸಿಗಾಲುವೆಯನ್ನು ನೇರವಾಗಿ, ಆಳವಾಗಿ ತೆಗೆಸಿದ್ದರು. ನೀರು ಸರಾಗವಾಗಿ ಹೋಗುತ್ತಿತ್ತು, ಅದರ ಜೊತೆ ಗೊಬ್ಬರದ ಸಾರವೂ ಹಳ್ಳಕ್ಕೆ, ಅಲ್ಲಿಂದ ಅಘನಾಶಿನಿಗೆ ಹೋಗುತ್ತಿತ್ತು. ಕೆಳಗೆ ಕುಮಟಾದ ಅಳಿವೆಯಲ್ಲಿ ಮೀನು, ಚಿಪ್ಪಿ ಹಿಡಿದು ಬದುಕುವವರಿದ್ದಾರೆ. ನಮ್ಮ ಯೂರಿಯಾ ಅವರ ನೀರಿಗೆ ಯಾಕೆ ಸೇರಬೇಕು?

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಿ ಅನ್ನುವುದು ಶಿಫಾರಸು. ಸಾರಜನಕ ಮತ್ತು ರಂಜಕ ತೋಟ ಬಿಟ್ಟು ಹೋಗುವ ದಾರಿ ಬೇರೆ ಬೇರೆ. ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಅದನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ, ಕರಗಿ ನೀರಿನ ಜೊತೆ ಹೊರಟುಬಿಡುತ್ತದೆ. ರಂಜಕವನ್ನು ನಮ್ಮ ಕೆಂಪು ಮಣ್ಣಿನ ಕಬ್ಬಿಣ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಮಣ್ಣೇ ಕೊಚ್ಚಿ ಹೋದರೆ ಅದೂ ಹೋದ ಹಾಗೇ. ಹಾಗಾಗಿ ಕಾಲುವೆ ಮಣ್ಣನ್ನೂ ತಡೆಯಬೇಕು, ನೈಟ್ರೇಟನ್ನೂ ತಡೆಯಬೇಕು, ನೀರನ್ನು ಮಾತ್ರ ತಡೆಯಬಾರದು.

ಅಮೆರಿಕದ ಒಹಾಯೊ, ಇಂಡಿಯಾನಾ ಕಡೆಯ ಮೆಕ್ಕೆಜೋಳದ ಹೊಲಗಳಲ್ಲಿ ಎರಡು ಹಂತದ ಕಾಲುವೆ ತೆಗೆಯುತ್ತಾರೆ. ಅದೇ ಮಾದರಿ ಹಿಡಿದೆ. ಮರಗಳ ಸಾಲಿನ ನಡುವೆ ಅದಕ್ಕೆ ಜಾಗ ಸಾಲದು, ಕೊನೆಯ ದೊಡ್ಡ ಕಾಲುವೆಯಲ್ಲಿ ಮಾತ್ರ ಮಾಡಿಸಿದೆ. ತಳದ ಆಳ ಮೊದಲಿನಷ್ಟೇ ಇದೆ. ಆದರೆ ಕಡಿದಾದ ಗೋಡೆ ಕಡಿಸಿ, ತಳಕ್ಕಿಂತ ಒಂದಡಿ ಮೇಲೆ ಎರಡೂ ಬದಿಗೆ ಮೆಟ್ಟಿಲಿನಂತೆ ಅಗಲ ಬಿಡಿಸಿದೆ. ನೀರು ಕಡಿಮೆ ಇದ್ದಾಗ ನಡುವಿನ ಕಿರಿದಾದ ಕಾಲುವೆಯಲ್ಲೇ ಹರಿಯುತ್ತದೆ. ಜಾಸ್ತಿಯಾದಾಗ ಮೆಟ್ಟಿಲಿನ ಮೇಲೆ ಹರಡುತ್ತದೆ. ಅಲ್ಲಿ ಹುಲ್ಲಿದೆ, ವೇಗ ತಗ್ಗುತ್ತದೆ, ಮಣ್ಣು ಕೂರುತ್ತದೆ. ಹುಲ್ಲಿನ ಬುಡದ ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕದ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಗಾಳಿಯಲ್ಲಿ ಹೇಗೂ ನೂರಕ್ಕೆ 78 ಭಾಗ ಅದೇ ಇದೆ ಅಲ್ವಾ.

ಕಾಲುವೆ ಹಳ್ಳ ಸೇರುವ ಮೊದಲು ಒಂದು ಹೊಂಡ ತೆಗೆಸಿ, ಅಂಚಿಗೆ ಲಾವಂಚ ನೆಟ್ಟಿದ್ದೇನೆ. ಮಳೆ ಬಿದ್ದ ದಿನ ಹೊಂಡ ಸೇರುವ ಮೊದಲಿನ ಮೇಲಿನ ನೀರು ಒಂದು ಗಾಜಿನ ಬಾಟಲಿಯಲ್ಲಿ, ಹೊಂಡ ದಾಟಿ ಬಂದ ಕೆಳಗಿನ ನೀರು ಇನ್ನೊಂದರಲ್ಲಿ ತುಂಬಿ ರಾತ್ರಿಯಿಡೀ ಬಿಟ್ಟು ನೋಡಿ. ನನ್ನ ಮೊದಲ ಬಾಟಲಿಯ ತಳದಲ್ಲಿ ಬೆರಳು ದಪ್ಪದ ಕೆಂಪು ಗೋಡು ಕೂತಿತ್ತು. ಎರಡನೆಯದರಲ್ಲಿ ತೆಳ್ಳನೆಯ ಪದರ ಅಷ್ಟೇ. ಬೇಸಿಗೆಯಲ್ಲಿ ಹೊಂಡದ ಗೋಡು ಎತ್ತಿ ಮರಗಳ ಬುಡಕ್ಕೇ ಹಾಕುತ್ತೇವೆ.

ಕೆಲಸದವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿಟ್ಟಿದ್ದೇನೆ: ಮೆಟ್ಟಿಲಿನ ಹುಲ್ಲು ಕೆರೆಯಬೇಡಿ, ಕೊಯ್ಯಿರಿ. ಕೆರೆದರೆ ಮಣ್ಣು ಸಡಿಲವಾಗುತ್ತದೆ. ಕೊಯ್ದದ್ದನ್ನು ಅಲ್ಲೇ ಬಿಡಲೂಬಾರದು, ಕೊಳೆತರೆ ಅದು ಹೀರಿದ ರಂಜಕ ಮತ್ತೆ ನೀರಿಗೇ ಬರುತ್ತದೆ. ಆ ಹುಲ್ಲೂ ಮರದ ಬುಡಕ್ಕೇ ಹೋಗುತ್ತದೆ.

ನೈಟ್ರೇಟ್ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಮೇಲಿನ, ಕೆಳಗಿನ ಎರಡೂ ನೀರಿಗೆ ನೀರು ಪರೀಕ್ಷೆಯ ಕಾಗದದ ಪಟ್ಟಿ ಅದ್ದುತ್ತೇನೆ. ಸೆಪ್ಟೆಂಬರ್‌ನಲ್ಲಿ ನೀರು ನಿಧಾನ ಹರಿಯುವಾಗ ಕೆಳಗಿನ ಪಟ್ಟಿಯ ಗುಲಾಬಿ ಬಣ್ಣ ಮೇಲಿನದಕ್ಕಿಂತ ತಿಳಿಯಾಗಿರುತ್ತದೆ. ಜುಲೈನ ಜಡಿಮಳೆಯಲ್ಲಿ ಎರಡಕ್ಕೂ ವ್ಯತ್ಯಾಸವೇ ಇರುವುದಿಲ್ಲ. ನೀರು ಅಲ್ಲಿ ನಿಲ್ಲುವಷ್ಟು ಹೊತ್ತೇ ಇಲ್ಲ, ಬ್ಯಾಕ್ಟೀರಿಯಾ ಏನು ಮಾಡೀತು? ಅದಕ್ಕೇ ಜೂನ್, ಜುಲೈನಲ್ಲಿ ಯೂರಿಯಾ ಚೀಲವನ್ನೇ ಬಿಚ್ಚುವುದಿಲ್ಲ. ಮಳೆ ಇಳಿದ ಮೇಲೆ ಕೊಡುತ್ತೇವೆ. ಈ ಬೇಸಿಗೆಯಲ್ಲಿ ಕೊಟ್ಟಿಗೆ ಕಡೆಯಿಂದ ಬರುವ ಕಾಲುವೆಗೂ ಇದೇ ಮೆಟ್ಟಿಲು ಮಾಡಿಸುವುದಿದೆ.